ಎವಿ ನೆಮೆತ್

ಎವಿ ನೆಮೆತ್ (ಜನನ: ಜೂನ್ 7, 1940; 2013ರ ಜೂನ್‌ನಲ್ಲಿ ಸಮುದ್ರದಲ್ಲಿ ಕಣ್ಮರೆ) ಅಮೆರಿಕದ ಕಂಪ್ಯೂಟರ್ ವಿಜ್ಞಾನಿ, ಪ್ರಾಧ್ಯಾಪಕಿ ಹಾಗೂ ತಾಂತ್ರಿಕ ಲೇಖಕಿ. ಕಂಪ್ಯೂಟರ್ ವ್ಯವಸ್ಥೆಗಳ ನಿರ್ವಹಣೆಯನ್ನು ಕುರಿತು ಸಹಲೇಖಕರೊಡನೆ ರಚಿಸಿದ ಕೈಪಿಡಿಗಳಿಂದ ಇವರು ಪ್ರಸಿದ್ಧರಾದರು.

ಶಿಕ್ಷಣ ಮತ್ತು ವೃತ್ತಿ

ನೆಮೆತ್ ಅವರ ಮೂಲ ಅಧ್ಯಯನಕ್ಷೇತ್ರ ಗಣಿತ. 1971ರಲ್ಲಿ ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಡಾಕ್ಟರೇಟ್ ಪದವಿ ಪಡೆದರು. ಮುಂದೆ ಬೌಲ್ಡರ್‌ನಲ್ಲಿರುವ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನವನ್ನು ಬೋಧಿಸಿದರು.

ಕೈಪಿಡಿಯ ರಚನೆ

ಅನೇಕರು ಏಕಕಾಲದಲ್ಲಿ ಬಳಸುವ ಕಂಪ್ಯೂಟರ್‌ಗೆ ಮೇಲ್ವಿಚಾರಕರೊಬ್ಬರು ಅಗತ್ಯ. ಬಳಕೆದಾರರ ಖಾತೆಗಳನ್ನು ತೆರೆಯುವುದು, ಕಡತಗಳ ಪ್ರತಿಗಳನ್ನು ಕಾಪಿಡುವುದು, ಜಾಲಸಂಪರ್ಕ, ಮಿಂಚಂಚೆ ಮತ್ತು ಭದ್ರತೆಯನ್ನು ನೋಡಿಕೊಳ್ಳುವುದು ಇವರ ಹೊಣೆ. ಯುನಿಕ್ಸ್ ಕಾರ್ಯಾಚರಣಾ ವ್ಯವಸ್ಥೆಯೊಂದಿಗೆ ಬರುತ್ತಿದ್ದ ಕೈಪಿಡಿಯು ಒಂದೊಂದು ಆದೇಶವನ್ನೂ ಬಿಡಿಬಿಡಿಯಾಗಿ ವಿವರಿಸುತ್ತಿತ್ತು. ಆದರೆ ಯಾವ ಕೆಲಸವನ್ನು ಯಾವ ಕ್ರಮದಲ್ಲಿ, ಏಕೆ ಮಾಡಬೇಕೆಂಬ ವಿವೇಕವು ಬಹುಮಟ್ಟಿಗೆ ಅನುಭವಿಗಳ ಬಳಿ ಕೆಲಸ ಮಾಡಿ ಕಲಿಯಬೇಕಾದ ವಿದ್ಯೆಯಾಗಿತ್ತು.

ಈ ಅನುಭವಜ್ಞಾನವನ್ನು ಗ್ರಂಥರೂಪಕ್ಕೆ ತಂದದ್ದು ನೆಮೆತ್ ಅವರ ಮುಖ್ಯ ಸಾಧನೆ. ಗಾರ್ತ್ ಸ್ನೈಡರ್ ಮತ್ತು ಸ್ಕಾಟ್ ಸೀಬಾಸ್ ಅವರೊಡನೆ ರಚಿಸಿದ 'ಯುನಿಕ್ಸ್ ಸಿಸ್ಟಮ್ ಅಡ್ಮಿನಿಸ್ಟ್ರೇಷನ್ ಹ್ಯಾಂಡ್‌ಬುಕ್' 1989ರಲ್ಲಿ ಪ್ರಕಟವಾಯಿತು. 1995ರ ಎರಡನೆಯ ಆವೃತ್ತಿಗೆ ಟ್ರೆಂಟ್ ಹೈನ್ ಸಹ ಲೇಖಕರಾದರು. ತಂತ್ರಜ್ಞಾನ ಬದಲಾದಂತೆ ಕೃತಿಯೂ ಪರಿಷ್ಕೃತವಾಗುತ್ತ ಬಂದಿತು. 2000ದಲ್ಲಿ ಮೂರನೆಯ ಆವೃತ್ತಿ ಹೊರಬಂದಿತು. 2002ರಲ್ಲಿ ಲಿನಕ್ಸ್‌ಗೆಂದೇ ಪ್ರತ್ಯೇಕ ಕೈಪಿಡಿ ಪ್ರಕಟವಾಯಿತು. 2010ರ ನಾಲ್ಕನೆಯ ಆವೃತ್ತಿಯು ಯುನಿಕ್ಸ್ ಮತ್ತು ಲಿನಕ್ಸ್ ಎರಡನ್ನೂ ಒಳಗೊಂಡಿತು.





ಕಣ್ಮರೆ

ನಿವೃತ್ತಿಯ ಅನಂತರ ನೆಮೆತ್ ನೌಕಾಯಾನದಲ್ಲಿ ತೊಡಗಿದರು. 2013ರ ಮೇ 29ರಂದು, 1928ರಲ್ಲಿ ನಿರ್ಮಿತವಾದ 'ನೀನ್ಯಾ' ಎಂಬ ಹಾಯಿಹಡಗು ನ್ಯೂಜಿಲೆಂಡಿನ ಓಪುವಾ ಬಂದರಿನಿಂದ ಆಸ್ಟ್ರೇಲಿಯಾಕ್ಕೆ ಹೊರಟಿತು. ಅದರಲ್ಲಿದ್ದ ಏಳು ಜನರಲ್ಲಿ ನೆಮೆತ್ ಒಬ್ಬರು. ಟಾಸ್ಮನ್ ಸಮುದ್ರದಲ್ಲಿ ಬಿರುಗಾಳಿಗೆ ಸಿಲುಕಿದ ಹಡಗಿನಿಂದ ಜೂನ್ 4ರ ಬಳಿಕ ಯಾವ ಸಂದೇಶವೂ ಬರಲಿಲ್ಲ. ವಿಸ್ತೃತ ಶೋಧ ನಡೆದರೂ ಹಡಗಾಗಲಿ ಅದರಲ್ಲಿದ್ದವರಾಗಲಿ ಪತ್ತೆಯಾಗಲಿಲ್ಲ.

ಸಹಲೇಖಕರು ಕೈಪಿಡಿಯನ್ನು ಮುಂದುವರಿಸಿ 2017ರಲ್ಲಿ ಐದನೆಯ ಆವೃತ್ತಿಯನ್ನು ಹೊರತಂದರು. ಅದರಲ್ಲಿ ನೆಮೆತ್ ಅವರಿಗೆ ಶ್ರದ್ಧಾಂಜಲಿಯಿದೆ. ಲೇಖಕರ ಸಾಲಿನಲ್ಲಿ ಅವರ ಹೆಸರೇ ಮೊದಲನೆಯದಾಗಿ ಉಳಿದಿದೆ.