ಜಾಡು ಹಿಡಿಯುವ ಸೋಲಿಗರು: ಹೊಗಳಿಕೆಯಲ್ಲ, ಹುದ್ದೆ ಬೇಕು

ಚಂದಕವಾಡಿಯ ಹೊಲಗಳಾಚೆ ಪೂರ್ವಕ್ಕೆ ಏಳುವ ಬಿಳಿಗಿರಿರಂಗನ ಬೆಟ್ಟಸಾಲು ಸೋಲಿಗ ಬುಡಕಟ್ಟಿನವರ ಸೀಮೆ. ಇಲ್ಲಿ ಅರಣ್ಯ ಇಲಾಖೆಯ ಗಸ್ತು ಹೊರಟರೆ ಜಾಡು ನೋಡಲು ಸೋಲಿಗ ವಾಚರ್‌ಗಳು ಬೇಕು. ಹುಲಿಯ ಹೆಜ್ಜೆ ಕಂಡರೆ ಗಂಡೋ ಹೆಣ್ಣೋ ಎಂದು ಪಾದದ ಆಕಾರದಿಂದ ಅಂದಾಜಿಸುತ್ತಾರೆ. ಗುರುತಿನ ಅಂಚು ಚೂಪಾಗಿದೆಯೇ, ಗಾಳಿಗೆ ಉದುರಿದೆಯೇ, ಮೇಲೆ ಇಬ್ಬನಿ ಬಿದ್ದಿದೆಯೇ ಎಂದು ನೋಡಿ ಹೊತ್ತು ಲೆಕ್ಕ ಹಾಕುತ್ತಾರೆ. ಬಂಡೆಯ ಮೇಲೆ ಜಾಡು ಕಡಿದರೆ ಬಾಗಿದ ಹುಲ್ಲು, ಮಗುಚಿದ ತರಗೆಲೆ, ಮುಸುವ ಅಥವಾ ಕಡವೆಯ ಎಚ್ಚರಿಕೆಯ ಕೂಗು ದಿಕ್ಕು ಹೇಳುತ್ತವೆ. ಊಹೆ ಸುಳ್ಳಾದರೆ ಕೊನೆಯ ಖಚಿತ ಗುರುತಿಗೆ ಮರಳಿ ಮತ್ತೆ ಹುಡುಕಬೇಕು. ಇದು ಎಳವೆಯಿಂದ ಕಾಡು ಸುತ್ತಿ, ಹಿರಿಯರ ಹಿಂದೆ ನಡೆದು ಕಲಿತ ವಿದ್ಯೆ. ರಕ್ತದಲ್ಲೇ ಬಂದ ಗುಣವೆಂದು ಹೊಗಳಿದರೆ, ಕಲಿಕೆಗೆ ಸಲ್ಲಬೇಕಾದ ಸಂಬಳ ತಪ್ಪಿಹೋಗುತ್ತದೆ.

ಕ್ಯಾಮೆರಾ, ಡ್ರೋನ್ ಬಂದ ಮೇಲೂ ಈ ವಿದ್ಯೆ ಏಕೆ ಎಂಬ ಆಕ್ಷೇಪವಿದೆ. ಹೆಜ್ಜೆ ಗುರುತಿನಿಂದ ಹುಲಿ ಎಣಿಸುವ ಪದ್ಧತಿ ಸೋತದ್ದೂ ನಿಜ; ರಾಜಸ್ಥಾನದ ಸರಿಸ್ಕಾದಲ್ಲಿ ಹುಲಿಗಳೇ ಉಳಿದಿಲ್ಲವೆಂದು 2005ರಲ್ಲಿ ಬಯಲಾದ ಮೇಲೆ ಅದನ್ನು ಕೈಬಿಡಲಾಯಿತು. ಆದರೆ ಸೋತದ್ದು ಅಚ್ಚು ತೆಗೆದು ಇಡೀ ಕಾಡಿನ ಹುಲಿಗಳ ಲೆಕ್ಕ ಬರೆಯುವ ಕ್ರಮ. ಒಂದು ಪ್ರಾಣಿಯ ಹಿಂದೆ ಜಾಡು ಹಿಡಿದು ಹೋಗುವುದು ಬೇರೆಯೇ ಕೆಲಸ. ಕ್ಯಾಮೆರಾ ಕಟ್ಟಲು ಹುಲಿ ನಡೆಯುವ ದಾರಿ ಮೊದಲೇ ಗೊತ್ತಿರಬೇಕು. 2019ರ ಅಕ್ಟೋಬರ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಚೌಡಹಳ್ಳಿ, ಹುಂಡಿಪುರದ ಸುತ್ತ ಇಬ್ಬರನ್ನು ಕೊಂದ ಹುಲಿಯನ್ನು ಸೆರೆಹಿಡಿದಾಗ ಕ್ಯಾಮೆರಾ, ಸಾಕಾನೆಗಳ ಜೊತೆ ಸೋಲಿಗರ ಕಣ್ಣೂ ದುಡಿದಿತ್ತು.

ಸರ್ಕಾರಕ್ಕೆ ಇಂಥ ಕಣ್ಣು ಬೇಕು, ಕಣ್ಣುಳ್ಳವರ ಬಾಳು ಬೇಡ ಎಂಬ ಸ್ಥಿತಿ ಬೇರೆಡೆಯೂ ಇದೆ. ಇಸ್ರೇಲ್ ಸೇನೆ ಗಡಿಯಲ್ಲಿ ನುಸುಳುಕೋರರ ಹೆಜ್ಜೆ ಪತ್ತೆಗೆ ಬೆಡೂಯಿನ್ ಸೈನಿಕರನ್ನು ನೆಚ್ಚಿದೆ. ಸೇನೆ ಸೇರುವುದು ಅವರಿಗೆ ಕಡ್ಡಾಯವಲ್ಲ, ಸ್ವಇಚ್ಛೆಯಿಂದ ಸೇರುತ್ತಾರೆ. ಆದರೆ ನೆಗೆವ್ ಮರುಭೂಮಿಯಲ್ಲಿ ಅವರ ಸಮುದಾಯದ ಹಲವು ಹಳ್ಳಿಗಳಿಗೆ ಸರ್ಕಾರದ ಮಾನ್ಯತೆಯೇ ಇಲ್ಲ. ನಮ್ಮಲ್ಲಿ ಕಾಡುಗಳ್ಳ ವೀರಪ್ಪನ್‌ನ ಬೇಟೆಯ ಕಾಲದಲ್ಲಿ ಕಾಡು ಬಲ್ಲವರೆಂಬ ಕಾರಣವೇ ಸೋಲಿಗರನ್ನು ಅನುಮಾನಕ್ಕೆ ಗುರಿಮಾಡಿತು. ಆ ಬೇಟೆಗೆ ಇಳಿದ ವಿಶೇಷ ಕಾರ್ಯಪಡೆಗಳ ದೌರ್ಜನ್ಯದ ದೂರುಗಳನ್ನು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನೇಮಿಸಿದ ನ್ಯಾಯಮೂರ್ತಿ ಸದಾಶಿವ ಸಮಿತಿ ವಿಚಾರಿಸಿತು. 2007ರಲ್ಲಿ 89 ಸಂತ್ರಸ್ತರಿಗೆ 2.80 ಕೋಟಿ ರೂಪಾಯಿ ಪರಿಹಾರಕ್ಕೆ ಆಯೋಗ ಸೂಚಿಸಿತು.

ಸೋಲಿಗರ ಮಕ್ಕಳನ್ನು ಮತ್ತೆ ಕಾಡಿಗೇ ಕಟ್ಟಿಹಾಕಬೇಕೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಓದಿ ವೈದ್ಯರೋ ಶಿಕ್ಷಕರೋ ಆಗುವ ದಾರಿ ಅವರಿಗೆ ತೆರೆದೇ ಇರಬೇಕು. ಆದರೆ ಜಾಡು ಹಿಡಿಯುವ ಕೆಲಸವನ್ನು ದಿನಗೂಲಿಯಲ್ಲಿ, ಹೊರಗುತ್ತಿಗೆಯಲ್ಲಿ ಇಟ್ಟರೆ ಅದನ್ನು ಬಯಸುವವರಿಗೂ ನೆಲೆಯಿಲ್ಲ. ಮೇಲಾಗಿ, ಕಾಡಿನೊಳಗೆ ಬೆಳೆಯುವ ವಿದ್ಯೆ ಕಾಡಿಗೆ ಪ್ರವೇಶವಿಲ್ಲದೆ ಮುಂದಿನ ತಲೆಮಾರಿಗೆ ದಾಟದು. ಬಿಳಿಗಿರಿರಂಗನ ಕಾಡು ಹುಲಿ ಸಂರಕ್ಷಿತ ಪ್ರದೇಶವಾದ 2011ರಲ್ಲೇ ಅಲ್ಲಿನ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆತದ್ದು ಆದ್ದರಿಂದಲೇ ಮುಖ್ಯ. ಸೋಲಿಗರ ಊರುಗಳಾದ ಪೋಡುಗಳಿಗೆ ಆ ಹಕ್ಕು ಗಟ್ಟಿಯಾಗಲಿ. ಹಿರಿಯ ವಾಚರ್‌ಗಳಿಗೆ ತರಬೇತುದಾರರ ಸ್ಥಾನ, ಕಾಯಂ ಹುದ್ದೆ, ಜೀವವಿಮೆ ಸಿಗಲಿ. ಹುಲಿ ಉಳಿಸುವ ಯೋಜನೆಯಲ್ಲಿ ಇವನ್ನು ಪ್ರಾಥಮಿಕ ವೆಚ್ಚವೆಂದೇ ಬರೆಯಬೇಕು.