ಯಂತ್ರವನ್ನು ನಡೆಸುವ ಬಲ

ಗೋಕಾಕದ ಜಲಪಾತವನ್ನು ಕಂಡವರು ಅದರ ಮಗ್ಗುಲಿನ ಹತ್ತಿಯ ಗಿರಣಿಯನ್ನೂ ಕಂಡಿರುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಗಿರಣಿಯ ಯಂತ್ರಗಳನ್ನು ತಿರುಗಿಸಿದ್ದು ಧುಮುಕುವ ಘಟಪ್ರಭೆಯ ರಭಸವೇ. ಯಂತ್ರ ಎಷ್ಟು ದೊಡ್ಡದಾದರೇನು, ಅದನ್ನು ನಡೆಸುವ ಬಲ ಎಲ್ಲಿಂದ ಬರಬೇಕೆಂಬುದೇ ಮೊದಲ ಪ್ರಶ್ನೆ. ನಮ್ಮ ಯುದ್ಧವಿಮಾನಗಳ ಕಥೆಯೂ ಇದೇ ಪ್ರಶ್ನೆಯನ್ನು ಕೇಳುತ್ತದೆ.

1940ರಲ್ಲಿ ವಾಲಚಂದ ಹೀರಾಚಂದರು ಮೈಸೂರು ಸರಕಾರದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ಅಲ್ಲಿ ಜರ್ಮನಿಯ ಕುರ್ಟ್ ಟ್ಯಾಂಕರ ನೇತೃತ್ವದಲ್ಲಿ ರೂಪುಗೊಂಡ 'ಮಾರುತ' ಜೆಟ್ ವಿಮಾನವು 1961ರ ಜೂನ್ 17ರಂದು ಮೊದಲ ಬಾರಿ ಹಾರಿತು. 1971ರ ಯುದ್ಧದಲ್ಲಿ ರಾಜಸ್ಥಾನದ ರಣರಂಗದಲ್ಲಿ ಕಾದಿತು. ಶಬ್ದಕ್ಕಿಂತ ಇಮ್ಮಡಿ ವೇಗವು ಅದರ ಗುರಿಯಾಗಿತ್ತು. ಆದರೆ ತಕ್ಕ ಎಂಜಿನ್ ದೊರೆಯಲಿಲ್ಲ. ಬ್ರಿಟಿಷ್ ವಿನ್ಯಾಸದ ಆರ್ಫಿಯಸ್ ಎಂಜಿನ್ನುಗಳನ್ನು ಹೊತ್ತು, ಶಬ್ದವೇಗದ ಹೊಸ್ತಿಲಲ್ಲಿಯೇ ಅದು ನಿಲ್ಲಬೇಕಾಯಿತು.

ನಲವತ್ತು ವರ್ಷಗಳ ಬಳಿಕ, 2001ರ ಜನವರಿ 4ರಂದು, ಬೆಂಗಳೂರಿನಿಂದಲೇ 'ತೇಜಸ್' ಮೇಲೇರಿತು. 2016ರಲ್ಲಿ ಅದು ವಾಯುಪಡೆಯನ್ನು ಸೇರಿತು. 2021ರಲ್ಲಿ ಅದರ ಸುಧಾರಿತ ಮಾದರಿಯ 83 ವಿಮಾನಗಳಿಗೆ, 2025ರಲ್ಲಿ ಮತ್ತೆ 97ಕ್ಕೆ ಸರಕಾರವು ಒಪ್ಪಂದ ಮಾಡಿಕೊಂಡಿತು. ಹಳೆಯ ಮಿಗ್-21 ವಿಮಾನಗಳು 2025ರ ಸೆಪ್ಟೆಂಬರಿನಲ್ಲಿ ನಿವೃತ್ತವಾದುದರಿಂದ ಹೊಸವುಗಳ ಅಗತ್ಯ ಹೆಚ್ಚಿತು. ಆದರೆ ಈ 83ಕ್ಕಾಗಿ ಅಮೆರಿಕಕ್ಕೆ ಹೇಳಿದ್ದ ಎಂಜಿನ್ನುಗಳಲ್ಲಿ ಮೊದಲನೆಯದು ಕೈಸೇರುವಾಗ 2025ರ ಮಾರ್ಚ್ ಬಂದಿತ್ತು!

ಸ್ವದೇಶಿ ಎಂಜಿನ್ನಿಗಾಗಿ ಯಾರೂ ಯತ್ನಿಸಲಿಲ್ಲವೆ? ಯತ್ನಿಸಿದರು. 1989ರಲ್ಲಿ ಬೆಂಗಳೂರಿನಲ್ಲಿ 'ಕಾವೇರಿ' ಎಂಜಿನ್ನಿನ ಕಾರ್ಯ ಮಂಜೂರಾಯಿತು. ಅದರ ನೂಕುಬಲ ಸಾಲದಾಗಿ, ತೂಕ ಮಿತಿ ಮೀರಿ, 2008ರಲ್ಲಿ ಅದನ್ನು ತೇಜಸ್ಸಿನಿಂದ ಬೇರ್ಪಡಿಸಿದರು. ಕಾರ್ಯದ ಕಾಠಿಣ್ಯವನ್ನು ವಾಚಕರು ಊಹಿಸಬೇಕು: ಎಂಜಿನ್ನಿನೊಳಗಿನ ಅಲಗುಗಳು ತಮ್ಮ ಲೋಹವನ್ನೇ ಕರಗಿಸಬಲ್ಲ ಬಿಸಿಗಾಳಿಯ ನಡುವೆ ನಿಮಿಷಕ್ಕೆ ಸಹಸ್ರಾರು ಸುತ್ತು ತಿರುಗಬೇಕು, ಕರಗಲೂಬಾರದು, ಹಿಗ್ಗಲೂಬಾರದು. ಅಂತಹ ಲೋಹವನ್ನು ಎರಕ ಹೊಯ್ಯುವ ವಿದ್ಯೆಯನ್ನು ಬಲ್ಲ ರಾಷ್ಟ್ರಗಳು ಬೆರಳೆಣಿಕೆಯಷ್ಟು. ಬಲ್ಲವರು ಅದನ್ನು ಸುಲಭವಾಗಿ ಕಲಿಸುವುದಿಲ್ಲ.

ನಮ್ಮವರಲ್ಲಿ ಕೈಚಳಕಕ್ಕೆ ಕೊರತೆಯಿಲ್ಲ. ಹುಕ್ಕೇರಿ ತಾಲೂಕಿನ ಹತ್ತರಗಿಯಲ್ಲಿ ಏರ್‌ಬಸ್, ಬೋಯಿಂಗ್ ಪ್ರಯಾಣಿಕ ವಿಮಾನಗಳ ಬಿಡಿಭಾಗಗಳು ಕೂದಲೆಳೆಯಷ್ಟೂ ತಪ್ಪದಂತೆ ತಯಾರಾಗುತ್ತವೆ. ಆದರೆ ಪರರ ನಕ್ಷೆಯಂತೆ ಕಡೆಯುವುದು ಬೇರೆ, ನಕ್ಷೆಯನ್ನೇ ರಚಿಸುವುದು ಬೇರೆ. ಮೂಡಲಗಿಯ ಶಾಲೆಯಲ್ಲಿ ಇಂದು ವಿಜ್ಞಾನ ಓದುತ್ತಿರುವ ಬಾಲಕಿಗೆ ಲೋಹಶಾಸ್ತ್ರದ ಕಡೆಗೂ ಒಂದು ದಾರಿಯುಂಟೆಂದು ಹೇಳುವವರಿರಬೇಕು. ತೇಜಸ್ಸಿನ ಕೊರತೆ ನೀಗುವುದು ಅಂಥ ಪ್ರಯೋಗಶಾಲೆಗಳಲ್ಲಿ, ಹಲವು ವರ್ಷಗಳ ತಾಳ್ಮೆಯಿಂದ.