ಕಾಲ್ಬೆರಳ ತುದಿಯ ಮೇಲೆ ನಿಂತ ಕಥೆಗಳು

ನನ್ನ ಮೊಮ್ಮಗಳು ಈ ವರ್ಷ ಬಿ.ಕಾಂ.ಗೆ ಸೇರಿದ್ದಾಳೆ. ನಾನು ಓದಿದ್ದೂ ಅದನ್ನೇ. ಆದರೆ ನಮ್ಮ ಕಾಲದ ಬಿ.ಕಾಂ.ನಲ್ಲಿ ಜಮಾ-ಖರ್ಚು, ಅಢಾವೆ ಪತ್ರಿಕೆ, ವಾಣಿಜ್ಯ ಕಾನೂನು ಬಿಟ್ಟರೆ ಇನ್ನೇನೂ ಇರಲಿಲ್ಲ. ಇವಳಿಗೆ ಕಲೆಯ ಪರಿಚಯಕ್ಕೆಂದು ಒಂದು ಐಚ್ಛಿಕ ಪತ್ರಿಕೆ ಇದೆಯಂತೆ. ಅದರಲ್ಲಿ ಯೂರೋಪಿನ ಬ್ಯಾಲೆ ನೃತ್ಯ ಒಂದು ಪಾಠ. ಕಾಲೇಜಿನಲ್ಲಿ ಪರದೆ ಕಟ್ಟಿ 'ಸ್ವಾನ್ ಲೇಕ್' ತೋರಿಸಿದರೆ ಅರ್ಧ ತರಗತಿ ತೂಕಡಿಸಿತಂತೆ, ಉಳಿದರ್ಧ ಗಂಡಸರ ಬಿಗಿ ಉಡುಪು ನೋಡಿ ಮುಸಿಮುಸಿ ನಕ್ಕಿತಂತೆ. ಭಾನುವಾರ ಐದು ಜನ ಸ್ನೇಹಿತರನ್ನು ಕಟ್ಟಿಕೊಂಡು ಬಂದು, "ತಾತಾ, ನಿಮಗೆ ಇದರ ಹುಚ್ಚು ಇದೆಯಲ್ಲ, ನಮಗೂ ಸ್ವಲ್ಪ ಹೇಳಿ" ಎಂದಳು.

ಹುಚ್ಚು ಇರುವುದು ನಿಜ. ನಾವು ಶಾಲೆಯಲ್ಲಿದ್ದಾಗ ಸೋವಿಯತ್ ದೇಶದಿಂದ ನುಣುಪು ಹಾಳೆಯ ಬಣ್ಣದ ಪತ್ರಿಕೆಗಳು ಬರುತ್ತಿದ್ದವು. ಓದುವುದಕ್ಕಿಂತ ಹೆಚ್ಚಾಗಿ ಪುಸ್ತಕಗಳಿಗೆ ಬೈಂಡ್ ಹಾಕಲು ಅವು ನಮಗೆ ಬೇಕಾಗಿದ್ದವು. ನನ್ನ ಗಣಿತದ ಪುಸ್ತಕದ ಮೇಲೆ ಇಡೀ ವರ್ಷ ಬಿಳಿ ಉಡುಪಿನ ಒಬ್ಬ ನರ್ತಕಿ ಒಂಟಿ ಕಾಲ ಬೆರಳ ತುದಿಯ ಮೇಲೆ ನಿಂತಿದ್ದಳು. ಬೀಳದೆ ಹೇಗೆ ನಿಂತಿದ್ದಾಳೆ ಎನ್ನುವ ಪ್ರಶ್ನೆ ಹಾಗೇ ಉಳಿದುಕೊಂಡಿತು. ಕೆಲಸಕ್ಕೆ ಸೇರಿದ ಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ, ಸಿಕ್ಕಿದ್ದನ್ನೆಲ್ಲ ನೋಡಿದೆ.

ಮೊದಲು ಒಂದು ಗೊಂದಲ ಬಿಡಿಸಬೇಕು. ನಮ್ಮ ಕಡೆ ವಾರ್ಷಿಕೋತ್ಸವದ ಆಹ್ವಾನ ಪತ್ರಿಕೆಗಳಲ್ಲಿ ನೃತ್ಯರೂಪಕಕ್ಕೂ 'ಬ್ಯಾಲೆ' ಎಂದೇ ಅಚ್ಚು ಹಾಕಿಸುತ್ತಾರೆ. ನಾನು ಹೇಳುತ್ತಿರುವುದು ಅದಲ್ಲ. ಇದು ಇಟಲಿಯ ಅರಮನೆಗಳಲ್ಲಿ ಹುಟ್ಟಿ, ಫ್ರಾನ್ಸಿನಲ್ಲಿ ವ್ಯಾಕರಣ ಕಲಿತು, ರಷ್ಯಾದಲ್ಲಿ ಪ್ರಾಯಕ್ಕೆ ಬಂದ ಕಲೆ. ಇಟಲಿಯ ಕ್ಯಾಥರೀನ್ ದ ಮೆಡಿಚಿ ಫ್ರಾನ್ಸಿನ ರಾಜಮನೆತನಕ್ಕೆ ಸೊಸೆಯಾಗಿ ಹೋದಳು. ತವರಿನ ನೃತ್ಯದ ರುಚಿಯೂ ಅವಳ ಜೊತೆ ಹೋಯಿತು. 1581ರಲ್ಲಿ ಪ್ಯಾರಿಸ್ಸಿನ ಆಸ್ಥಾನದಲ್ಲಿ ನಡೆದ ಒಂದು ಪ್ರದರ್ಶನ ಐದು ಗಂಟೆಗೂ ಹೆಚ್ಚು ಹೊತ್ತು ಸಾಗಿತಂತೆ. ರಾತ್ರಿಯಿಡೀ ಯಕ್ಷಗಾನ ನೋಡಿದ ನಮಗೇನೂ ಅದು ಹೆಚ್ಚೆನಿಸುವುದಿಲ್ಲ ಬಿಡಿ.

ಆಮೇಲೆ ಬಂದವನು ಹದಿನಾಲ್ಕನೇ ಲೂಯಿ. ಈ ದೊರೆ ಸ್ವತಃ ನರ್ತಕ. 1653ರಲ್ಲಿ, ಹದಿನಾಲ್ಕು ವರ್ಷದ ಹುಡುಗನಾಗಿದ್ದಾಗ, ಮೈತುಂಬ ಚಿನ್ನದ ಕಿರಣಗಳ ವೇಷ ತೊಟ್ಟು ಉದಯಸೂರ್ಯನಾಗಿ ಕುಣಿದ. 'ಸೂರ್ಯರಾಜ' ಎಂಬ ಹೆಸರಿಗೆ ಇದೂ ಒಂದು ಕಾರಣ. 1661ರಲ್ಲಿ ನೃತ್ಯಕ್ಕೆಂದೇ ಒಂದು ಅಕಾಡೆಮಿ ತೆರೆದ. ಅವನ ನೃತ್ಯಗುರು ಪಿಯೆರ್ ಬೋಶಾಂ ಪಾದ ಇಡುವ ಐದು ಭಂಗಿಗಳನ್ನು ಕ್ರಮಪಡಿಸಿದ. ಇವತ್ತಿಗೂ ಟೋಕಿಯೊದಲ್ಲಾಗಲಿ ಹವಾನಾದಲ್ಲಾಗಲಿ ಬ್ಯಾಲೆ ಕಲಿಯುವ ಮಗು ಮೊದಲು ಕಲಿಯುವುದು ಈ ಐದನ್ನೇ. ಶಬ್ದಗಳೂ ಫ್ರೆಂಚಿನವೇ: ಮೊಣಕಾಲು ಬಗ್ಗಿಸಿದರೆ 'ಪ್ಲಿಯೆ', ಒಂದೇ ಕಾಲ ಮೇಲೆ ಸುತ್ತಿದರೆ 'ಪಿರುಯೆಟ್'. ಬ್ಯಾಂಕಿನಲ್ಲಿ ಯಾವ ಊರಿಗೆ ವರ್ಗವಾದರೂ ಲೆಡ್ಜರಿನ ಭಾಷೆ ಒಂದೇ ಇರುತ್ತಿತ್ತಲ್ಲ, ಹಾಗೆ.

ಬಂದವರಲ್ಲಿ ಇದ್ದ ಒಬ್ಬನೇ ಹುಡುಗ ಬಿಗಿ ಉಡುಪಿನ ವಿಷಯ ಎತ್ತಿದ. "ನಗು ಬಂದರೆ ನಕ್ಕುಬಿಡು, ಆಮೇಲೆ ಕಾಲು ನೋಡು" ಎಂದೆ. ಬ್ಯಾಲೆಯಲ್ಲಿ ಸೊಂಟದಿಂದ ಬೆರಳ ತುದಿಯವರೆಗೆ ಕಾಲು ಒಂದೇ ಗೆರೆಯಾಗಿ ಕಾಣಬೇಕು. ಪಂಚೆ ಉಟ್ಟರೆ ಗೆರೆ ಎಲ್ಲಿ ಕಾಣುತ್ತದೆ? ಹೆಂಗಸರ ಉಡುಪಿನ ಕಥೆಯೂ ಅದೇ. ಪ್ಯಾರಿಸ್ಸಿನ ಸಾರ್ವಜನಿಕ ರಂಗದ ಮೇಲೆ ವೃತ್ತಿಯ ನರ್ತಕಿಯರು ಬಂದದ್ದೇ 1681ರಲ್ಲಿ. ಅಲ್ಲಿಯತನಕ ನಮ್ಮ ಬಯಲಾಟದ ಹಾಗೆ ಗಂಡಸರೇ ಸ್ತ್ರೀವೇಷ ಹಾಕುತ್ತಿದ್ದರು. ಬಂದ ಹೆಂಗಸರಿಗೂ ನೆಲ ಮುಟ್ಟುವ ಭಾರದ ಲಂಗ. ಮುಂದಿನ ಶತಮಾನದಲ್ಲಿ ಮರಿ ಕಮಾರ್ಗೊ ಎಂಬಾಕೆ ತನ್ನ ಪಾದದ ಚುರುಕು ಜನಕ್ಕೆ ಕಾಣಲಿ ಎಂದು ಲಂಗವನ್ನು ಕಣಕಾಲಿನ ಮೇಲಕ್ಕೆ ಏರಿಸಿದಾಗ ಊರೆಲ್ಲ ಗುಲ್ಲೋ ಗುಲ್ಲು.

ಇನ್ನು ನನ್ನ ಗಣಿತ ಪುಸ್ತಕದ ಪ್ರಶ್ನೆ. ಬೆರಳ ತುದಿಯ ಮೇಲೆ ನಿಲ್ಲುವುದನ್ನು ಬರೀ ಕಸರತ್ತಾಗಿ ಉಳಿಸದೆ ಕಲೆಯಾಗಿಸಿದ ಕೀರ್ತಿ ಮರಿ ಟಾಲಿಯೋನಿಯದು. 1832ರಲ್ಲಿ ಪ್ಯಾರಿಸ್ಸಿನಲ್ಲಿ 'ಲಾ ಸಿಲ್ಫೀಡ್' ಎಂಬ ಬ್ಯಾಲೆಯಲ್ಲಿ ಅವಳದು ಗಾಳಿಯಂಥ ಅಪ್ಸರೆಯ ಪಾತ್ರ. ಅಪ್ಸರೆಗೆ ನೆಲ ಸೋಕಬಾರದು, ಅದಕ್ಕೇ ತುದಿಬೆರಳು. ಆಗಿನ ಪಾದರಕ್ಷೆಗೆ ಮುಂಭಾಗದಲ್ಲಿ ಒಂದಷ್ಟು ಹೊಲಿಗೆ ಬಿಟ್ಟರೆ ಬೇರೆ ಆಸರೆ ಇರಲಿಲ್ಲ. ಇಂದಿನ ಪಾದರಕ್ಷೆಯೊಳಗೆ ಮರದ ತುಂಡು ಇದೆ ಎಂದು ಬಹಳ ಜನ ತಿಳಿದಿದ್ದಾರೆ. ಮರ ಇಲ್ಲ. ಬಟ್ಟೆ, ಕಾಗದದ ಪದರಗಳಿಗೆ ಅಂಟು ಬಳಿದು ಒಣಗಿಸಿ ಗಟ್ಟಿ ಮಾಡಿದ ಮೂತಿ, ಮೇಲೆ ಸ್ಯಾಟಿನ್ ಬಟ್ಟೆ, ಅಷ್ಟೇ. ರಿಬ್ಬನ್ ಹೊಲಿದುಕೊಳ್ಳುವುದು ನರ್ತಕಿಯ ಕೆಲಸ. ದೊಡ್ಡ ಪಾತ್ರವಾದರೆ ಒಂದೇ ರಾತ್ರಿಯಲ್ಲಿ ಒಂದು ಜೊತೆ ಮೆತ್ತಗಾಗಿ ಹೋಗುತ್ತದೆ. ಮಕ್ಕಳಿಗೆ ಇದನ್ನು ಬೇಗ ಕೊಡುವುದೂ ಇಲ್ಲ. ವರ್ಷಗಟ್ಟಲೆ ಸಾಧನೆ ಮಾಡಿ, ಹನ್ನೊಂದು ಹನ್ನೆರಡರ ವಯಸ್ಸಿಗೆ ಮೂಳೆ ಬಲಿತು, ಸೊಂಟ-ಮೊಣಕಾಲಿಗೆ ಶಕ್ತಿ ಬಂದ ಮೇಲೇ.

ಕಲಿಯುವ ಕೋಣೆಯನ್ನು ಊಹಿಸಿಕೊಳ್ಳಿ. ಒಂದು ಗೋಡೆಗೆ ಪೂರ್ತಿ ಕನ್ನಡಿ, ಇನ್ನೊಂದು ಗೋಡೆಯ ಉದ್ದಕ್ಕೂ ಹಿಡಿದುಕೊಳ್ಳಲು ಮರದ ಸರಳು. ನಿನ್ನೆ ಬಂದ ಹುಡುಗಿಯಾಗಲಿ, ಜಗತ್ತು ಕೊಂಡಾಡುವ ನರ್ತಕಿಯಾಗಲಿ, ಬೆಳಿಗ್ಗೆ ಆ ಸರಳು ಹಿಡಿದು ಮೊಣಕಾಲು ಬಗ್ಗಿಸುವುದರಿಂದಲೇ ದಿನ ಶುರು. ಸ್ನೇಹಿತೆಯರಲ್ಲಿ ಒಬ್ಬಳು ಹತ್ತು ವರ್ಷದಿಂದ ಭರತನಾಟ್ಯ ಕಲಿಯುತ್ತಿದ್ದಾಳೆ. ಅವಳಿಗೆ ಇದು ತಕ್ಷಣ ಹಿಡಿಸಿತು. "ಇದು ನಮ್ಮ ಅರಮಂಡಿಯ ಥರಾನೇ" ಎಂದು ಎದ್ದು ನಿಂತು ಮೊಣಕಾಲು ಹೊರಕ್ಕೆ ತಿರುಗಿಸಿ ತೋರಿಸಿದಳು. ಹೌದು, ಎರಡರಲ್ಲೂ ಕಾಲು ಸೊಂಟದಿಂದಲೇ ಹೊರಕ್ಕೆ ತಿರುಗಬೇಕು. ಆದರೆ ನಮ್ಮ ನರ್ತಕಿ ಕುಳಿತಂತೆ ನಿಂತು ನೆಲವನ್ನು ತಟ್ಟಿ ಮಾತಾಡಿಸುತ್ತಾಳೆ. ಅವರ ನರ್ತಕಿ ನೆಲದ ಋಣವೇ ಬೇಡ ಎಂಬಂತೆ ಮೇಲಕ್ಕೆ ಏಳುತ್ತಾಳೆ. ನನ್ನಾಕೆ ಕೋಡುಬಳೆ ತಟ್ಟೆ ಇಡುತ್ತಾ, "ಅವರ ಹತ್ತಿರ ಗೆಜ್ಜೆ ಇಲ್ಲವಲ್ಲ, ತಟ್ಟಿ ಏನು ಮಾಡಿಯಾರು" ಎಂದಳು. ನಾನು ಓದಿದ ಯಾವ ಪುಸ್ತಕದಲ್ಲೂ ಇಷ್ಟು ಚುಟುಕಾದ ವಿವರಣೆ ಸಿಕ್ಕಿರಲಿಲ್ಲ.

"ಮಾತೇ ಇಲ್ಲದ ಮೇಲೆ ಕಥೆ ಹೇಗೆ ತಿಳಿಯಬೇಕು?" ಎಲ್ಲರದೂ ಇದೇ ದೂರು. ಅವರಿಗೂ ಒಂದು ಹಸ್ತಾಭಿನಯ ಇದೆ ಮಕ್ಕಳೇ. ನಾಲ್ಕೈದು ಕಲಿತರೆ ಸಾಕು. ತಲೆಯ ಮೇಲೆ ಎರಡೂ ಕೈ ಒಂದರ ಸುತ್ತ ಒಂದು ತಿರುಗಿಸಿದರೆ 'ಕುಣಿ' ಎಂದರ್ಥ. ಎಡಗೈಯ ಉಂಗುರದ ಬೆರಳು ತೋರಿಸಿದರೆ 'ಮದುವೆ'. ಕೈಯನ್ನು ಮುಖದ ಸುತ್ತ ಹಾಯಿಸಿದರೆ 'ಚೆಲುವೆ'. ಎರಡು ಬೆರಳು ಮೇಲೆತ್ತಿದರೆ 'ಆಣೆ'. ಮುಷ್ಟಿ ಬಿಗಿದು ಮಣಿಕಟ್ಟುಗಳನ್ನು ಅಡ್ಡಡ್ಡ ಕೂಡಿಸಿ ಕೆಳಗಿಳಿಸಿದರೆ 'ಸಾವು'. ಅಜ್ಜಿ-ತಾತಂದಿರು ಮೊಮ್ಮಕ್ಕಳ ಜೊತೆ ಮನೆಯಲ್ಲೇ ಆಡಿ ನೋಡಬಹುದು. ನಮ್ಮ ಮನೆಯಲ್ಲಂತೂ ಆ ಹುಡುಗ ಈ ಐದರಲ್ಲೇ ಒಂದು ಇಡೀ ಸಿನಿಮಾ ಕಥೆ ಹೇಳಿ ಮುಗಿಸಿದ.

ಈಗ 'ಸ್ವಾನ್ ಲೇಕ್' ಕಥೆ. ರಾಜಕುಮಾರ ಸೀಗ್‌ಫ್ರೀಡ್ ಬೇಟೆಗೆ ಹೋಗಿ ಕೊಳದ ಬಳಿ ಒಂದು ಹಂಸ ಕಾಣುತ್ತಾನೆ. ಅದು ಓಡೆಟ್ ಎಂಬ ರಾಜಕುಮಾರಿ. ರೋಥ್‌ಬಾರ್ಟ್ ಎಂಬ ಮಾಂತ್ರಿಕನ ಶಾಪದಿಂದ ಹಗಲೆಲ್ಲ ಹಂಸ, ರಾತ್ರಿ ಮಾತ್ರ ಹೆಣ್ಣು. ಕೆಲವು ಪ್ರದರ್ಶನಗಳಲ್ಲಿ ಅವಳು ಕೈಸನ್ನೆಯಲ್ಲೇ ಹೇಳುತ್ತಾಳೆ: ಈ ಕೊಳ ನನ್ನ ತಾಯಿಯ ಕಣ್ಣೀರಿನಿಂದ ಆದದ್ದು ಎಂದು. ಬೇರೆ ಯಾರಿಗೂ ಮನಸ್ಸು ಕೊಡದವನೊಬ್ಬ ಪ್ರೀತಿಸಿ ಆಣೆಯಿಟ್ಟರೆ ಶಾಪ ಹೋಗುತ್ತದೆ. ಆದರೆ ಮಾಂತ್ರಿಕ ತನ್ನ ಮಗಳು ಓಡೀಲ್‌ಳನ್ನು ಓಡೆಟ್‌ಳ ರೂಪದಲ್ಲೇ ಅರಮನೆಗೆ ಕರೆತರುತ್ತಾನೆ. ರಾಜಕುಮಾರ ಮೋಸಹೋಗಿ ಅವಳಿಗೆ ಆಣೆ ಇಡುತ್ತಾನೆ. ಎರಡೂ ಪಾತ್ರ ಮಾಡುವುದು ಸಾಮಾನ್ಯವಾಗಿ ಒಬ್ಬಳೇ ನರ್ತಕಿ. ಬಿಳಿ ಹಂಸವಾಗಿ ನಡುಗುವವಳೇ ಕಪ್ಪು ಉಡುಪಿನಲ್ಲಿ ಸೊಕ್ಕಿನಿಂದ ಒಂಟಿ ಕಾಲ ಮೇಲೆ ಮೂವತ್ತೆರಡು ಸುತ್ತು ಸುತ್ತುತ್ತಾಳೆ. ಪಿಯೆರಿನಾ ಲೆನ್ಯಾನಿ ಎಂಬ ಇಟಲಿಯ ನರ್ತಕಿ ಹಾಕಿಕೊಟ್ಟ ಲೆಕ್ಕ ಅದು. ನೋಟು ಎಣಿಸಿದ ಕೈ ನನ್ನದು, ಸುಮ್ಮನೆ ನಂಬಲಿಲ್ಲ. ವಿಡಿಯೊ ಹಿಂದೆ ತಿರುಗಿಸಿ ಎರಡು ಸಲ ಎಣಿಸಿದೆ. ಮೂವತ್ತೆರಡೇ.

ಸಂಗೀತ ಚೈಕೋವ್‌ಸ್ಕಿಯದು. 1877ರಲ್ಲಿ ಮಾಸ್ಕೋದ ಬೋಲ್ಶಾಯ್ ರಂಗಮಂದಿರದಲ್ಲಿ ಮೊದಲ ಪ್ರದರ್ಶನವಾದಾಗ ಜನ ಮೆಚ್ಚಲಿಲ್ಲ. ಸಂಗೀತ ಕುಣಿಯಲು ತಕ್ಕದ್ದಲ್ಲ, ಗದ್ದಲ ಜಾಸ್ತಿ ಎಂದರು. 1893ರಲ್ಲಿ ಅವನು ತೀರಿಕೊಂಡ. 1895ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಮರಿಯಸ್ ಪೆಟಿಪಾ ಮತ್ತು ಲೆವ್ ಇವಾನೊವ್ ಹೊಸದಾಗಿ ಸಂಯೋಜಿಸಿ ಆಡಿಸಿದರು. ಇಂದು ಜಗತ್ತು ನೋಡುತ್ತಿರುವುದು ಬಹುಮಟ್ಟಿಗೆ ಅದರ ಸಂತಾನವನ್ನೇ. ಸಂಗೀತ ಕೊಟ್ಟವನು ಆ ಚಪ್ಪಾಳೆ ಕೇಳಲಿಲ್ಲ. ಕೊಳದ ದೃಶ್ಯಗಳು ಇವಾನೊವ್‌ನವು. ಅದರಲ್ಲಿ ನಾಲ್ಕು ಮರಿಹಂಸಗಳು ಅಡ್ಡಡ್ಡ ಕೈ ಹಿಡಿದು ಸಾಲಾಗಿ ಕುಣಿಯುವ ತುಣುಕೊಂದಿದೆ. ಎರಡು ನಿಮಿಷವೂ ಇಲ್ಲ. ನಾಲ್ಕು ತಲೆ, ಎಂಟು ಕಾಲು ಒಟ್ಟಿಗೇ ತಿರುಗಬೇಕು. ತೂಕಡಿಸಿದ ವಿದ್ಯಾರ್ಥಿಗಳಿಗೆ ಮೊದಲು ಇದನ್ನು ತೋರಿಸಿದ್ದರೆ ತೂಕಡಿಸುತ್ತಿರಲಿಲ್ಲ ಎಂದು ನನ್ನ ಅಭಿಪ್ರಾಯ.

ಪೆಟಿಪಾ ಅದೇ 1877ರಲ್ಲಿ 'ಲಾ ಬಯಾದೇರ್' ಎಂದು ಭಾರತದ ದೇವದಾಸಿಯೊಬ್ಬಳ ಕಥೆಯನ್ನೂ ಆಡಿಸಿದ್ದ. ಹೂಬುಟ್ಟಿಯೊಳಗೆ ಹಾವು, ವಿಷಕ್ಕೆ ಬಲಿಯಾಗುವ ನಿಕಿಯಾ. ಅದರಲ್ಲಿರುವ ಭಾರತ ನಮಗೆ ಗುರುತೇ ಸಿಗುವುದಿಲ್ಲ. ಆದರೂ ಬಿಳಿಯುಟ್ಟ ನೆರಳುಗಳು ಇಳಿಜಾರಿನಲ್ಲಿ ಒಬ್ಬರ ಹಿಂದೆ ಒಬ್ಬರು ಒಂದೇ ಹೆಜ್ಜೆ ಇಡುತ್ತಾ ಇಳಿದು ಬರುವ ದೃಶ್ಯ ನೋಡಿದರೆ ಜಗಳವಾಡಲು ಮನಸ್ಸು ಬರುವುದಿಲ್ಲ.

ನಿಜವಾದ ನಂಟು ಬೆಳೆದದ್ದು ಆನಾ ಪಾವ್ಲೋವಾಳಿಂದ. 1881ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಹುಟ್ಟಿದವಳು. ತಾಯಿ ಬಟ್ಟೆ ಒಗೆದು ಬದುಕುತ್ತಿದ್ದಳು. ಆ ತಾಯಿ ಮಗಳನ್ನು 'ಸ್ಲೀಪಿಂಗ್ ಬ್ಯೂಟಿ' ಬ್ಯಾಲೆಗೆ ಕರೆದೊಯ್ದಳು. ಮಗು ನಾನೂ ನರ್ತಕಿಯಾಗುತ್ತೇನೆ ಎಂದು ಹಟ ಹಿಡಿಯಿತು. ಶಾಲೆಯವರು ತೀರಾ ಚಿಕ್ಕವಳೆಂದು ಮೊದಲು ಸೇರಿಸಿಕೊಳ್ಳಲಿಲ್ಲ. ಹತ್ತನೇ ವಯಸ್ಸಿನಲ್ಲಿ ಸೇರಿದಳು. ಫೋಕಿನ್ ಅವಳಿಗಾಗಿ ಸಂಯೋಜಿಸಿದ 'ಸಾಯುವ ಹಂಸ' ಕೆಲವೇ ನಿಮಿಷಗಳ ನೃತ್ಯ. ಅದನ್ನು ಹಿಡಿದು ಅವಳು ಜಗತ್ತು ಸುತ್ತಿದಳು. 1922ರಲ್ಲಿ ಭಾರತಕ್ಕೂ ಬಂದಳು. ಮರುವರ್ಷ ಲಂಡನ್ನಿನಲ್ಲಿ, ಚಿತ್ರಕಲೆ ಕಲಿಯಲು ಬಂದಿದ್ದ ಉದಯಶಂಕರ್ ಅವಳ ಜೊತೆ ರಾಧಾ-ಕೃಷ್ಣರ ನೃತ್ಯದಲ್ಲಿ ಕೃಷ್ಣನಾದರು. 1928ರಲ್ಲಿ ಮತ್ತೆ ಬಂದಾಗ ಮುಂಬಯಿಯಲ್ಲಿ ಅವಳ ನೃತ್ಯ ನೋಡಿದವರು ರುಕ್ಮಿಣಿದೇವಿ. ಆಮೇಲೆ ಆಸ್ಟ್ರೇಲಿಯಾಕ್ಕೆ ಹೋಗುವ ಹಡಗಿನಲ್ಲಿ ಇಬ್ಬರೂ ಜೊತೆಯಾದರು. ರುಕ್ಮಿಣಿದೇವಿ ಅವಳ ತಂಡದ ಕ್ಲಿಯೊ ನಾರ್ಡಿಯಿಂದ ಬ್ಯಾಲೆ ಕಲಿಯತೊಡಗಿದರು. ನಿಮ್ಮ ದೇಶದ ಕಲೆಯನ್ನೇ ಹುಡುಕಿ ಎಂದು ಅವರನ್ನು ತಿರುಗಿಸಿದವಳು ಪಾವ್ಲೋವಾ. 1936ರಲ್ಲಿ ಚೆನ್ನೈಯ ಕಲಾಕ್ಷೇತ್ರ ಹುಟ್ಟಿತು. ನಮ್ಮ ಬೆಂಗಳೂರಿನ ರಾಮ್ ಗೋಪಾಲ್ ಕೂಡ 1960ರಲ್ಲಿ ಎಡಿನ್‌ಬರೋದಲ್ಲಿ ಇಂಗ್ಲೆಂಡಿನ ಬ್ಯಾಲೆ ತಾರೆ ಅಲೀಷಿಯಾ ಮಾರ್ಕೋವಾಳ ಜೊತೆ ರಾಧಾ-ಕೃಷ್ಣ ಕುಣಿದರು.

ಭರತನಾಟ್ಯದ ಹುಡುಗಿ ಅಷ್ಟು ಹೊತ್ತು ಸುಮ್ಮನಿದ್ದು ಕೇಳಿದಳು: "ತಾತಾ, ಇಷ್ಟೆಲ್ಲ ಕಷ್ಟಪಟ್ಟು ಇವರು ಎಷ್ಟು ವರ್ಷ ಕುಣಿಯಬಹುದು?" ಅವಳ ಮನೆಯಲ್ಲಿ ನೃತ್ಯ ಸಾಕು, ಸಿ.ಎ. ಪರೀಕ್ಷೆಗೆ ಕೂರು ಎನ್ನುತ್ತಿದ್ದಾರೆ ಎಂದು ಮೊಮ್ಮಗಳು ಮೊದಲೇ ನನ್ನ ಕಿವಿಯಲ್ಲಿ ಹೇಳಿದ್ದಳು. ಸುಳ್ಳು ಹೇಳಲು ಆಗುವುದಿಲ್ಲ. ಬ್ಯಾಲೆ ನರ್ತಕರ ಮೈ ನಲವತ್ತರ ಹೊತ್ತಿಗೆ ಲೆಕ್ಕ ಒಪ್ಪಿಸು ಎನ್ನುತ್ತದೆ. ಪ್ಯಾರಿಸ್ ಒಪೇರಾದಲ್ಲಿ 42ಕ್ಕೆ ನಿವೃತ್ತಿ. ಪಿಂಚಣಿ ಉಂಟು, ಅದೂ 1698ರಲ್ಲಿ ಅದೇ ಲೂಯಿ ದೊರೆ ಶುರು ಮಾಡಿದ್ದು. ಪಿಂಚಣಿಯಲ್ಲಿ ಬದುಕುವ ನನಗೆ ಆ ದೊರೆಯ ಮೇಲೆ ಗೌರವ ಹೆಚ್ಚಾದದ್ದು ಇದನ್ನು ಓದಿದ ಮೇಲೆ. ಆದರೆ ಇಂಗ್ಲೆಂಡಿನ ಮಾರ್ಗೊ ಫಾಂಟೇನ್ ಇದ್ದಾಳೆ. 1962ರಲ್ಲಿ ಅವಳಿಗೆ ಸರಿಯಾಗಿ 42. ರಷ್ಯಾ ಬಿಟ್ಟು ಬಂದ 23ರ ರುಡಾಲ್ಫ್ ನುರೆಯೆವ್ ಜೊತೆ 'ಜಿಸೆಲ್' ಕುಣಿದಳು. ಅಲ್ಲಿಂದ ಅವಳ ಇನ್ನೊಂದು ಬಾಳೇ ಆರಂಭವಾಯಿತು. ಹುಡುಗಿ ಎರಡನ್ನೂ ಕೇಳಿಸಿಕೊಂಡಳು, ಫಾಂಟೇನ್ ಹೆಸರನ್ನು ಮೊಬೈಲಿನಲ್ಲಿ ಬರೆದುಕೊಂಡಳು. ಮನೆಯವರಿಗೆ ಏನು ಹೇಳಿದಳೋ, ನಾನು ಕೇಳಲು ಹೋಗಿಲ್ಲ.

ಶಾಲೆಯ ಮಕ್ಕಳು ಇರುವ ಮನೆಗಳಲ್ಲಿ 'ಸ್ವಾನ್ ಲೇಕ್'ಗಿಂತ ಮೊದಲು 'ನಟ್‌ಕ್ರ್ಯಾಕರ್' ನೋಡಿ. ಚೈಕೋವ್‌ಸ್ಕಿಯದೇ, 1892ರದು. ಕ್ರಿಸ್‌ಮಸ್ ರಾತ್ರಿ ಹುಡುಗಿಯೊಬ್ಬಳಿಗೆ ಅಡಕೆ ಒಡೆಯುವ ಅಡಕತ್ತರಿಯಂಥ, ಬೀಜ ಒಡೆಯುವ ಗೊಂಬೆ ಉಡುಗೊರೆ ಬರುತ್ತದೆ. ಮಧ್ಯರಾತ್ರಿ ಮನೆಯೆಲ್ಲ ಬೆಳೆದು ದೊಡ್ಡದಾಗುತ್ತದೆ. ಇಲಿಗಳ ರಾಜನಿಗೂ ಗೊಂಬೆಗೂ ಯುದ್ಧ, ಹುಡುಗಿ ಪಾದರಕ್ಷೆ ಎಸೆದು ಗೊಂಬೆಯನ್ನು ಕಾಪಾಡುತ್ತಾಳೆ. ಎರಡನೇ ಅಂಕವೆಲ್ಲ ಮಿಠಾಯಿ ಲೋಕ. ಒಂದೇ ಸಲಕ್ಕೆ ಪೂರ್ತಿ ನೋಡಬೇಕೆಂದಿಲ್ಲ, ದಿನಕ್ಕೊಂದು ಅಂಕ ಸಾಕು. ಸಕ್ಕರೆ ಯಕ್ಷಿಣಿ ಕುಣಿಯುವಾಗ ಪುಟ್ಟ ಪುಟ್ಟ ಗಂಟೆಗಳಂಥ ನಾದ ಬರುತ್ತದೆ. ಅದು ಸೆಲೆಸ್ಟಾ ಎಂಬ ವಾದ್ಯ, ನೋಡಲು ಚಿಕ್ಕ ಪಿಯಾನೊ ಇದ್ದ ಹಾಗೆ. ಚೈಕೋವ್‌ಸ್ಕಿ ಅದನ್ನು ಪ್ಯಾರಿಸ್ಸಿನಲ್ಲಿ ಕಂಡು, ಬೇರೆ ಸಂಗೀತಗಾರರಿಗೆ ಸುಳಿವು ಸಿಗದಂತೆ ಗುಟ್ಟಾಗಿ ರಷ್ಯಾಕ್ಕೆ ತರಿಸಿದ್ದ. ಆ ಸದ್ದು ಬಂದಾಗ ಟಿ.ವಿ. ಸ್ವಲ್ಪ ಜೋರು ಮಾಡಿ.